ಆತಕೂರಿನ ಕಾಳಿ, ಜೀವಂಧರನ ನಾಯಿ ಮತ್ತು ಮುದಿನಾಯಿಯ ಶುಶ್ರೂಷೆ

ಹನ್ನೆರಡು ಹದಿಮೂರು ವರ್ಷ ಒಂದು ಮನೆಯ ಅನ್ನ ತಿಂದು ಬಾಳಿದ ನಾಯಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಕುಸಿದುಬಿದ್ದರೆ ಆ ಮನೆಯವರ ಮುಂದೆ ಎರಡು ಕಷ್ಟಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದು ಚಿಕಿತ್ಸೆಯದು: ಎಲ್ಲಿಗೆ ಒಯ್ಯಬೇಕು, ಎಷ್ಟು ಖರ್ಚಾದೀತು, ಬದುಕೀತೇ ಎಂಬುದು. ಇನ್ನೊಂದು ಬಾಯಿಬಿಟ್ಟು ಹೇಳಲಾಗದ್ದು. ನಾಯಿಗೆ ಹುಷಾರಿಲ್ಲವೆಂದು ಕಚೇರಿಯಲ್ಲಿ ರಜೆ ಕೇಳಲು ಸಂಕೋಚ. ಅತ್ತರೆ ನಗುವವರಿದ್ದಾರೆ ಎಂಬ ಅಳುಕು. ‘ನಾಯಿ ತಾನೆ, ಇನ್ನೊಂದು ತಂದರಾಯಿತು’ ಎಂಬ ಮಾತನ್ನು ಆಡುವವರು ಅದನ್ನು ಹಿರಿಯರಿಂದ ಬಂದ ವಿವೇಕವೆಂದೇ ಭಾವಿಸಿರುತ್ತಾರೆ. ಹಿರಿಯರಿಂದ ಬಂದದ್ದರಲ್ಲಿ ಶಾಸನ, ಕಾವ್ಯ, ಶಾಸ್ತ್ರಗಳೂ ಸೇರುವುದಾದರೆ ಈ ಭಾವನೆಗೆ ಆಧಾರ ಸಿಗುವುದಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಈ ಕಲ್ಲನ್ನು ಇತಿಹಾಸಕಾರರು ಸಾಮಾನ್ಯವಾಗಿ ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಿದ ಗಂಗ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನಿಂತಿರುವುದು ಬೂತುಗನಿಗಾಗಿ ಅಲ್ಲ. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರನಿಗೆ ಬೂತುಗ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಡಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಬಾರದೆಂಬ ಕಟ್ಟಳೆಯೂ ಅದರಲ್ಲಿದೆ. ಹಂದಿಯೂ ನಾಯಿಯೂ ಎದುರುಬದುರಾಗಿರುವ ಶಿಲ್ಪವುಳ್ಳ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಗಮನಿಸಬೇಕಾದದ್ದು, ಕಾಳಿ ಕೊನೆಯವರೆಗೂ ನಾಯಿಯಾಗಿಯೇ ಉಳಿಯುತ್ತದೆ ಎಂಬುದು. ಮಹಾಪ್ರಸ್ಥಾನದಲ್ಲಿ ಯುಧಿಷ್ಠಿರನನ್ನು ಹಿಂಬಾಲಿಸಿದ ನಾಯಿಯ ಕಥೆ ಹಾಗಲ್ಲ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಧರ್ಮರಾಯ ಹಟ ಹಿಡಿದ ಕ್ಷಣದಲ್ಲೇ ಅದು ಸಾಕ್ಷಾತ್ ಧರ್ಮದೇವತೆಯೆಂದು ಬಯಲಾಗುತ್ತದೆ. ಅಲ್ಲಿಗೆ ನಾಯಿ ಇಲ್ಲವಾಗುತ್ತದೆ. ಇದ್ದದ್ದು ಪರೀಕ್ಷೆ ಮಾತ್ರ. (ಸಾಕುನಾಯಿಯ ವಿಷಯ ಬಂದಾಗಲೆಲ್ಲ ಈ ಪ್ರಸಂಗವನ್ನು ಉದಾಹರಿಸುವುದು ವಾಡಿಕೆ. ಆದರೆ ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ, ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸುತ್ತಾನೆ. ಕನ್ನಡದ ಎರಡು ದೊಡ್ಡ ಭಾರತಗಳಲ್ಲಿ ಈ ನಾಯಿಗೆ ಎಡೆಯೇ ಇಲ್ಲ.)

ರೋಗಶಯ್ಯೆಯ ನಾಯಿಗೆ ಇವೆರಡಕ್ಕಿಂತಲೂ ಹತ್ತಿರದ ಕಥೆ ಜೀವಂಧರನದು. ವಾದೀಭಸಿಂಹ ಸಂಸ್ಕೃತದ ‘ಕ್ಷತ್ರಚೂಡಾಮಣಿ’ ಮತ್ತು ‘ಗದ್ಯಚಿಂತಾಮಣಿ’ಗಳಲ್ಲಿ, ತಿರುತ್ತಕ್ಕದೇವರು ತಮಿಳಿನ ‘ಜೀವಕ ಚಿಂತಾಮಣಿ’ಯಲ್ಲಿ ಹೇಳಿದ ಈ ಕಥೆಯನ್ನು ಕನ್ನಡದಲ್ಲಿ 1424ರಲ್ಲಿ ಭಾಸ್ಕರ ಷಟ್ಪದಿಗೆ ತಂದನು, ತೆರಕಣಾಂಬಿಯ ಬೊಮ್ಮರಸನ ಸಾಂಗತ್ಯವೂ ಇದೆ. ವಸಂತೋತ್ಸವದ ದಿನ, ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಪೆಟ್ಟು ತಿಂದ ನಾಯಿಯೊಂದು ಸಾಯುವ ಸ್ಥಿತಿಯಲ್ಲಿರುತ್ತದೆ. ರಾಜಕುಮಾರ ಅದನ್ನು ಬದುಕಿಸಲು ಯತ್ನಿಸುತ್ತಾನೆ. ಅದು ಕೈಮೀರಿದ ಮಾತೆಂದು ಕಂಡಾಗ ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಅವನಿಗೆ ನೆರವಾಗುತ್ತದೆ. ಪ್ರವಚನಗಳಲ್ಲಿ ಈ ಪ್ರಸಂಗವನ್ನು ಮಂತ್ರದ ಮಹಿಮೆಗೆಂದು ಹೇಳುವುದೇ ಹೆಚ್ಚು. ಅದು ತಪ್ಪಲ್ಲ. ಆದರೆ ಕಥೆಯ ಕ್ರಮವನ್ನು ಯಾರೂ ಎತ್ತಿ ಹೇಳುವುದಿಲ್ಲ. ಮೊದಲು ಉಪಚಾರ, ಉಪಚಾರ ಸಾಗದೆಂಬ ತಿಳಿವು ಆಮೇಲೆ, ತಿಳಿದ ನಂತರವೂ ಎದ್ದುಹೋಗದೆ ಪಕ್ಕದಲ್ಲಿ ಕುಳಿತಿರುವುದು. ಮುದಿನಾಯಿಯ ಕಾಯಿಲೆಯನ್ನು ಎದುರಿಸುವ ಮನೆಗೆ ಬೇಕಾದದ್ದೆಲ್ಲ ಈ ಕ್ರಮದಲ್ಲಿದೆ. ವಾಸ್ತವದಲ್ಲಿ ಮನೆಗಳು ಎಡವುವುದೂ ಈ ಕ್ರಮವನ್ನು ಹಿಂದುಮುಂದು ಮಾಡಿಕೊಂಡಾಗಲೇ.

ಒಂದು ನಿದರ್ಶನ. ವಯಸ್ಸಾದ ನಾಯಿ ರಾತ್ರಿ ಚೆನ್ನಾಗಿ ಮಲಗಿ, ಬೆಳಗ್ಗೆ ಎದ್ದರೆ ತಲೆ ಒಂದು ಕಡೆಗೆ ವಾಲಿರುತ್ತದೆ. ನಿಲ್ಲಲು ಹೋದರೆ ಅದೇ ಕಡೆಗೆ ಉರುಳುತ್ತದೆ, ಸುತ್ತು ಹೊಡೆಯುತ್ತದೆ. ಕಣ್ಣುಗುಡ್ಡೆಗಳು ಅತ್ತಿತ್ತ ಪಟಪಟನೆ ಓಡುತ್ತಿರುತ್ತವೆ. ವಾಂತಿ, ಜೊಲ್ಲು ಬೇರೆ. ನೋಡಿದವರೆಲ್ಲ ಲಕ್ವ ಹೊಡೆದಿದೆ, ಇನ್ನು ಮುಗಿಯಿತು ಎನ್ನುತ್ತಾರೆ. ಆ ದಿನವೇ ಅದಕ್ಕೆ ಮುಕ್ತಿ ಕೊಡಿಸಬೇಕೆಂದು ಹೊರಡುವವರೂ ಇದ್ದಾರೆ. ಆದರೆ ಪಶುವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಸ್ಥಿತಿಯೊಂದು ಹೀಗೆಯೇ ಕಾಣಿಸಿಕೊಳ್ಳುತ್ತದೆ. ಒಳಕಿವಿಗೆ ಸೇರಿದ ಸಮತೋಲನದ ವ್ಯವಸ್ಥೆ ನಿರ್ದಿಷ್ಟ ಕಾರಣವಿಲ್ಲದೆ ಮುದಿನಾಯಿಗಳಲ್ಲಿ ಥಟ್ಟನೆ ಕೆಡುತ್ತದೆ. ಹೆಚ್ಚಿನವುಗಳಲ್ಲಿ ಎರಡು ಮೂರು ದಿನಗಳಲ್ಲಿ ಇಳಿಮುಖವಾಗಿ, ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ತಲೆಯ ಸ್ವಲ್ಪ ವಾಲಿಕೆ ಉಳಿದರೂ ನಾಯಿ ಮೊದಲಿನಂತೆಯೇ ಬಾಳುತ್ತದೆ. ಕಿವಿಯ ಸೋಂಕು, ಮಿದುಳಿನ ಗಡ್ಡೆ ಮೊದಲಾದವೂ ಇದೇ ಲಕ್ಷಣಗಳನ್ನು ತೋರಬಹುದಾದ್ದರಿಂದ ವೈದ್ಯರು ನೋಡಲೇಬೇಕು. ಆದರೆ ಆ ಮೂರು ದಿನ ಬೀಳದಂತೆ ಒತ್ತುಕೊಟ್ಟು, ನೀರನ್ನು ಬಾಯಿಯ ಹತ್ತಿರ ಹಿಡಿದು, ಕತ್ತಲಲ್ಲಿ ಬಿಡದೆ ನೋಡಿಕೊಳ್ಳುವವರು ಬೇಕು. ನೋಡುವವರ ಸಂಕಟ ತಡೆಯಲಾರದೆ ನಾಯಿಯ ಆಯುಸ್ಸನ್ನು ಮೊಟಕುಗೊಳಿಸುವುದನ್ನು ಕರುಣೆ ಎನ್ನಲಾಗದು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಅದು ನಾಳೆ ನೋಡೋಣ ಎನ್ನುವುದು. ಗುಲ್ಮದಲ್ಲಿ ಬೆಳೆದ ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸೋರತೊಡಗಿದಾಗ ನಾಯಿ ನರಳುವುದೂ ಇಲ್ಲ, ಸುಮ್ಮನೆ ಮಲಗಿಬಿಡುತ್ತದೆ. ತುಟಿ ಎತ್ತಿ ನೋಡಿದರೆ ನಸುಗೆಂಪಾಗಿರಬೇಕಾದ ಒಸಡು ಬಿಳಿಚಿಕೊಂಡಿರುತ್ತದೆ. ಗರ್ಭಕೋಶ ತೆಗೆಸದ ಮುದಿ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಊಟ ಬಿಟ್ಟು ವಿಪರೀತ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಶಂಕೆ ಬರಬೇಕು. ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆಯಾದರೆ ಬದುಕುವ ಕಾಯಿಲೆ ಅದು, ತಡವಾದರೆ ಕೊಲ್ಲುತ್ತದೆ. ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ, ವಾಂತಿಗೆ ಒತ್ತರಿಸಿದರೂ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಇವಕ್ಕೆಲ್ಲ ಅರಿಸಿನದ ಹಾಲು ಮದ್ದಲ್ಲ. ಮನುಷ್ಯರ ನೋವಿನ ಮಾತ್ರೆಗಳಂತೂ ಕೂಡದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ರೀತಿಯಿಂದಲೇ ಕೊಟ್ಟ ಮಾತ್ರೆಯಾದರೂ ಪರಿಣಾಮ ಅದೇ.

ವೈದ್ಯರ ಬಳಿಗೆ ಹೋದಮೇಲೆ ಹಣದ ಮಾತು ಬರುತ್ತದೆ. ನಾಯಿಯನ್ನು ನಿಜವಾಗಿ ಪ್ರೀತಿಸುವವರು ಲೆಕ್ಕ ಹಾಕುವುದಿಲ್ಲ ಎಂಬ ಹೊಸ ನಗರದ ನಾಣ್ನುಡಿಯೊಂದು ಹುಟ್ಟಿಕೊಂಡಿದೆ. ಇದು ಬಡವರ ಪ್ರೀತಿಯನ್ನು ಅವಮಾನಿಸುವ ಮಾತು. ಸ್ಕ್ಯಾನ್‌ನಿಂದ ಏನು ತಿಳಿಯುತ್ತದೆ, ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೇ, ಶಸ್ತ್ರಚಿಕಿತ್ಸೆಯ ನಂತರ ಎಷ್ಟು ಕಾಲ, ಯಾವ ಬಗೆಯ ಬದುಕು ಎಂದು ನೇರವಾಗಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಒಳ್ಳೆಯ ವೈದ್ಯರು ಆ ಪ್ರಶ್ನೆಗಳನ್ನು ನಿರೀಕ್ಷಿಸುತ್ತಾರೆ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಮಹಾವಿದ್ಯಾಲಯದ ಆಸ್ಪತ್ರೆಯಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಖರ್ಚು ಖಾಸಗಿಗಿಂತ ಕಡಿಮೆ. ಹಾಸನ, ಶಿವಮೊಗ್ಗ, ಬೀದರುಗಳಲ್ಲಿಯೂ ಇಂಥ ಕಾಲೇಜುಗಳಿವೆ. ಆದರೆ ತಾಲ್ಲೂಕುಗಳ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ, ಕುರಿ, ಮೇಕೆಗಳಿಗಾಗಿ ಏರ್ಪಟ್ಟವು. ಹಾಲು ಕೊಡದ, ಉಳುಮೆಗೆ ಬಾರದ ಪ್ರಾಣಿಯ ಮುಪ್ಪು ಯೋಜನೆಯ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಇನ್ನು ಉಳಿದದ್ದು ಅತಿ ಕಠಿಣವಾದದ್ದು. ಗುಣವಾಗುವ ಭರವಸೆಯಿಲ್ಲ, ನೋವು ಹೆಚ್ಚುತ್ತಿದೆ, ವೈದ್ಯರು ಮೆಲ್ಲಗೆ ‘ಮಲಗಿಸಬಹುದು’ ಎನ್ನುತ್ತಾರೆ. ಇಂಗ್ಲಿಷಿನಿಂದ ನೇರವಾಗಿ ಇಳಿದುಬಂದ ಈ ‘ಮಲಗಿಸುವುದು’ ಕೆಟ್ಟ ಪದ. ಮಗುವನ್ನು ಮಲಗಿಸುವ ಕ್ರಿಯಾಪದವನ್ನು ಕೊಲ್ಲುವುದಕ್ಕೆ ಹಚ್ಚಿದಾಗ, ಏನಾಗುತ್ತದೆಂದು ಮನೆಯ ಮಕ್ಕಳಿಗೂ ಮುದುಕರಿಗೂ ತಿಳಿಯುವುದೇ ಇಲ್ಲ. ತಿಳಿಯದೆ ತಲೆಯಾಡಿಸಿ ಆಮೇಲೆ ವರ್ಷಗಟ್ಟಲೆ ಕೊರಗುವವರಿದ್ದಾರೆ. ಅರಿವಳಿಕೆ ಮದ್ದನ್ನು ಅತಿಪ್ರಮಾಣದಲ್ಲಿ ನರಕ್ಕೆ ಕೊಟ್ಟು, ಪ್ರಜ್ಞೆ ತಪ್ಪಿದ ಮೇಲೆ ಉಸಿರೂ ಹೃದಯವೂ ನಿಲ್ಲುವಂತೆ ಮಾಡುವುದು ಎಂದು ಬಿಡಿಸಿ ಹೇಳಬೇಕು. ದಯಾಮರಣ ಎಂಬ ಪದವಾದರೂ ಮರಣವನ್ನು ಮರೆಮಾಚುವುದಿಲ್ಲ.

ಜೈನ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ನಾಯಿಗೂ ಸಲ್ಲೇಖನ ಮಾಡಿಸಿದಂತೆ ಎಂದು ಸಮಾಧಾನ ಹೇಳುವವರಿದ್ದಾರೆ. ಇದು ಪದದ ದುರ್ಬಳಕೆ. ಸಲ್ಲೇಖನ ತಾನಾಗಿ ಕೈಗೊಳ್ಳುವ ವ್ರತ, ಇನ್ನೊಬ್ಬರು ಮಾಡಿಸುವುದಲ್ಲ. ಪುರಾಣಗಳಲ್ಲಿ ಆನೆ, ಸಿಂಹಗಳು ವ್ರತ ಹಿಡಿದು ದೇಹ ಬಿಟ್ಟ ಕಥೆಗಳಿದ್ದರೂ ಅಲ್ಲಿ ವ್ರತ ಹಿಡಿದವು ಆ ಪ್ರಾಣಿಗಳೇ. ಅದಕ್ಕಿಂತ ಮುಖ್ಯವಾಗಿ, ದುಃಖಿತ ಜೀವಿಯನ್ನು ದುಃಖದಿಂದ ಬಿಡಿಸಲೆಂದು ಕೊಲ್ಲಬಹುದೆಂಬ ವಾದವನ್ನು ಅಮೃತಚಂದ್ರಸೂರಿ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೆಸರಿಸಿಯೇ ನಿರಾಕರಿಸುತ್ತಾನೆ. ಆ ವಿಚಾರವನ್ನು ಅವನು ಕತ್ತಿಗೆ ಹೋಲಿಸುವುದು ಅರ್ಥಪೂರ್ಣವಾಗಿದೆ. ಕೈಯಲ್ಲಿ ಆಯುಧವಿದ್ದವನಿಗೆ ತನ್ನ ಉದ್ದೇಶ ಯಾವಾಗಲೂ ಒಳ್ಳೆಯದಾಗಿಯೇ ತೋರುತ್ತದೆ.

ಹಾಗೆಂದು ಈ ನಿಷೇಧವನ್ನು ಕೈಕಟ್ಟಿ ಕೂರುವುದಕ್ಕೆ ಅಪ್ಪಣೆಯೆಂದು ಓದುವುದು ಶಾಸ್ತ್ರಕ್ಕೆ ಅಪಚಾರ. ‘ಅದರ ಕರ್ಮ, ಅನುಭವಿಸಲಿ’ ಎಂದು ಮೂಲೆಯಲ್ಲಿ ಬಿಟ್ಟ ನಾಯಿಯ ನರಳಾಟಕ್ಕೆ ಯಾವ ಗ್ರಂಥದ ರಕ್ಷಣೆಯೂ ಇಲ್ಲ. ತತ್ತ್ವಾರ್ಥಸೂತ್ರ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಸಾಕಿದ ಪ್ರಾಣಿಗೆ ಅನ್ನಪಾನ ತಡೆಯುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಅನ್ನ ತಡೆಯುವುದು ದೋಷವಾದರೆ, ಮದ್ದು ಕೈಗೆಟುಕುವಂತಿದ್ದೂ ನೋವನ್ನು ತಡೆಯದಿರುವುದು ಹೇಗೆ ನಿರ್ದೋಷವಾದೀತು? ಅಮೃತಚಂದ್ರನ ಹತ್ತನೆಯ ಶತಮಾನದಲ್ಲಿ ಕೊಲ್ಲುವುದು ಅಥವಾ ನೋಡುತ್ತಿರುವುದು ಎಂಬ ಎರಡೇ ದಾರಿಗಳಿದ್ದವು ಎನ್ನಬಹುದು. ಇಂದು ಮೂರನೆಯದಿದೆ. ನೋವುಶಾಮಕ ಚುಚ್ಚುಮದ್ದು, ಚರ್ಮದಡಿಗೆ ಕೊಡುವ ದ್ರವ, ವಾಂತಿ ತಡೆಯುವ ಮದ್ದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒದ್ದೆಯಾದ ಹಾಸನ್ನು ರಾತ್ರಿ ಎರಡು ಗಂಟೆಗೂ ಎದ್ದು ಬದಲಾಯಿಸುವುದು. ದಯಾಮರಣವನ್ನು ಒಪ್ಪದವರ ಮೇಲೆ ಈ ದುಡಿಮೆಯ ಹೊಣೆ ಪೂರ್ಣವಾಗಿ ಬೀಳುತ್ತದೆ. ಅದನ್ನು ಹೊರದೆ ಸಿದ್ಧಾಂತವನ್ನು ಮಾತ್ರ ಆಡುವವರಿಗೆ, ಇದನ್ನೆಲ್ಲ ಮಾಡಿ ಸೋತು, ಮದ್ದಿಗೂ ನೋವು ಬಗ್ಗದಾಗ ವೈದ್ಯರ ಮಾತಿಗೆ ಒಪ್ಪಿದ ಮನೆಯನ್ನು ತೂಗಿನೋಡುವ ಅಧಿಕಾರವಿಲ್ಲ. ಅಂಥ ಮನೆ ವ್ರತವನ್ನು ದಾಟಿದೆ ಎನ್ನಬಹುದು, ಪ್ರಮಾದದಿಂದ ದಾಟಿತೆನ್ನಲಾಗದು. ಈ ವ್ಯತ್ಯಾಸ ಸಣ್ಣದಲ್ಲ.

ಎಲ್ಲ ಮುಗಿದ ಮೇಲೆ ಉಳಿಯುವ ಶೋಕಕ್ಕೆ ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ಮನೆಗೆ ಬಂದು ಕೂರುವ ನೆಂಟರಿಲ್ಲ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವುದನ್ನು ಬರೆದಾಗ ಆ ಕೊರತೆಯನ್ನು ಕಾದಂಬರಿಯೇ ತುಂಬಿತು ಎನ್ನಬೇಕು. 1967ರಿಂದ ಈಚೆಗೆ ಕನ್ನಡ ಓದುಗರು ಒಂದು ಜೀತದಾಳಿನ ನಾಯಿಗಾಗಿ ಒಟ್ಟಾಗಿ ದುಃಖಿಸಿದ್ದಾರೆ. ಆ ಪುಟಗಳನ್ನು ತರಗತಿಯಲ್ಲಿ ಪಾಠವಾಗಿ ಓದಿ ಗಂಟಲು ಕಟ್ಟಿದವರೇ ಮಾರನೆಯ ದಿನ ಸಹೋದ್ಯೋಗಿಯ ಮನೆಯ ನಾಯಿ ಸತ್ತದ್ದಕ್ಕೆ ನಗುವುದು ವಿಚಿತ್ರ.

ಇನ್ನೊಂದು ಸಂಗತಿ ಕನ್ನಡ ವಿಭಾಗಗಳಿಗೇ ಸಂಬಂಧಿಸಿದ್ದು. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು. ಪಶುವಿನ ರೋಗವನ್ನು ಅದನ್ನು ಸಾಕುವವರ ನುಡಿಯಲ್ಲಿಯೇ ಹೇಳಬೇಕೆಂಬ ಅರಿವು ಆಗಲೇ ಇತ್ತು. ಇಂದು ರಕ್ತಪರೀಕ್ಷೆಯ ವರದಿ, ಔಷಧಚೀಟಿ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಪತ್ರ ಬಹುಪಾಲು ಇಂಗ್ಲಿಷಿನಲ್ಲಿಯೇ ಇರುತ್ತವೆ. ಹಗಲೆಲ್ಲ ನಾಯಿಯ ಬಳಿ ಇರುವ ಮನೆಯ ಅಜ್ಜಿಗೆ ಬಿಳಿ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ತಿಳಿಯಲು ಮೊಮ್ಮಗ ಸಂಜೆ ಬರುವವರೆಗೆ ಕಾಯಬೇಕು. ಪಶುವೈದ್ಯ ಮಹಾವಿದ್ಯಾಲಯವೊಂದು ಹತ್ತಿರದ ಕನ್ನಡ ವಿಭಾಗದೊಡನೆ ಕುಳಿತು, ಒಸಡಿನ ಬಣ್ಣ ನೋಡುವುದು ಹೇಗೆ, ಮಲಗಿದ ನಾಯಿಯ ಉಸಿರು ಎಣಿಸುವುದು ಹೇಗೆ, ಯಾವ ಲಕ್ಷಣ ಕಂಡರೆ ರಾತ್ರಿಯಾದರೂ ಹೊರಡಬೇಕು, ದಯಾಮರಣವೆಂದರೆ ಏನು ಎಂಬುದನ್ನು ನಾಲ್ಕು ಪುಟಗಳಲ್ಲಿ ತಿಳಿಗನ್ನಡದಲ್ಲಿ ಬರೆದು ಹಂಚುವುದು ದೊಡ್ಡ ಯೋಜನೆಯೇನಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಅರ್ಧವರ್ಷದ ಕಿರುಸಂಶೋಧನೆಯಾಗಿ ಅದನ್ನು ಕೊಡಬಹುದು.