ಗಾಳಿಗೊಂದು ಲೆಡ್ಜರ್

ಮಕ್ಕಳೇ, ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ‘ಭೋಂ’ ಎನ್ನುತ್ತದೆ, ಗೊತ್ತಲ್ಲ? ಕಾರು ಹೆದ್ದಾರಿಯಲ್ಲಿ ಜೋರಾಗಿ ಹೋಗುವಾಗ ಹಿಂದಿನ ಒಂದು ಕಿಟಕಿಯನ್ನಷ್ಟೇ ಇಳಿಸಿದರೆ ಕಿವಿಗೆ ‘ಧಬ ಧಬ’ ಎಂದು ಬಡಿಯುವುದು ಅಜ್ಜ-ಅಜ್ಜಿಯರಿಗೂ ಗೊತ್ತು. ಎರಡರ ಮೂಲವೂ ಒಂದೇ. ಓಡುವ ಗಾಳಿಗೆ ದಾರಿಯಲ್ಲಿ ಒಂದು ಕುಳಿ ಸಿಕ್ಕಿದೆ.

ಹಾಗಾದರೆ ಹಾರುವ ವಿಮಾನದ ಮೈಯಲ್ಲೇ ದೊಡ್ಡ ಬಾಗಿಲು ತೆರೆದಿಟ್ಟರೆ? ಬೇಕೆಂದೇ ಹಾಗೆ ಮಾಡಿದ ವಿಮಾನವೊಂದಿತ್ತು. ಹೆಸರು ಸೋಫಿಯಾ. ಅಮೆರಿಕದ ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಸೇರಿ ಬೋಯಿಂಗ್ 747 ಎಸ್‌ಪಿ ವಿಮಾನವೊಂದರ ಹಿಂಭಾಗದಲ್ಲಿ 2.5 ಮೀಟರ್ ಅಗಲದ ದೂರದರ್ಶಕ ಕೂರಿಸಿದವು. ಆಕಾಶದಿಂದ ಬರುವ ಅವಕೆಂಪು ಕಿರಣಗಳನ್ನು ನಮ್ಮ ಗಾಳಿಯಲ್ಲಿರುವ ನೀರಾವಿ ತಡೆಯುತ್ತದೆ. ಹನ್ನೆರಡು ಕಿಲೋಮೀಟರಿಗಿಂತ ಮೇಲೆ ಹೋದರೆ ಆ ತೊಂದರೆ ಬಹುಪಾಲು ಇಲ್ಲ. ಕಿಟಕಿಗೆ ಗಾಜು ಹಾಕೋಣವೆಂದರೆ ಗಾಜೂ ಆ ಕಿರಣಗಳನ್ನು ತಡೆಯುತ್ತದೆ. ಆದ್ದರಿಂದ ಬಾಗಿಲು ತೆರೆದೇ ಹಾರಬೇಕು, ಅದೂ ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ!

ಕುಳಿಯಲ್ಲಿ ಗಾಳಿ ಏನು ಮಾಡುತ್ತದೆ ನೋಡಿ. ಮೇಲೆ ಓಡುವ ಗಾಳಿ, ಒಳಗೆ ಹೆಚ್ಚುಕಡಿಮೆ ನಿಂತ ಗಾಳಿ. ಎರಡೂ ಸೇರುವ ಕಡೆ ಗಾಳಿ ಸುರುಳಿ ಸುತ್ತಿಕೊಂಡು ಸುಳಿಗಳಾಗುತ್ತದೆ. ಸುಳಿ ಮುಂದೆ ಹೋಗಿ ಕುಳಿಯ ಹಿಂದಿನ ಅಂಚಿಗೆ ಬಡಿಯುತ್ತದೆ. ಆ ಬಡಿತದ ಸದ್ದು ಮತ್ತೆ ಮುಂದಿನ ಅಂಚಿಗೆ ಬಂದು ಹೊಸ ಸುಳಿಯೊಂದನ್ನು ಎಬ್ಬಿಸುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಬಡಿತ ಬೆಳೆಯುತ್ತಾ ಹೋಗುತ್ತದೆ. ಬ್ರಿಟನ್ನಿನ ವಿಮಾನ ಸಂಶೋಧನಾಲಯದಲ್ಲಿ ರಾಸಿಟರ್ ಎಂಬುವರು ಗಾಳಿ ಸುರಂಗದಲ್ಲಿ ಇದನ್ನು ಪರೀಕ್ಷಿಸಿ, 1964ರಲ್ಲಿ ಒಂದು ಸೂತ್ರ ಕೊಟ್ಟರು. ಕುಳಿಯ ಉದ್ದ, ಗಾಳಿಯ ವೇಗ ತಿಳಿದರೆ ಸೆಕೆಂಡಿಗೆ ಎಷ್ಟು ಬಡಿತ ಎಂದು ಹೇಳಬಹುದು. ಆದರೆ ಬಡಿತ ಎಷ್ಟು ಜೋರು ಎಂಬುದನ್ನು ಆ ಸೂತ್ರ ಹೇಳುವುದಿಲ್ಲ. ದೂರದರ್ಶಕ ನಡುಗುತ್ತದೆಯೇ, ವಿಮಾನದ ತಗಡು ದಣಿದು ಬಿರುಕು ಬಿಡುತ್ತದೆಯೇ? ಒಳಗೆ ಕೂರುವವರ ಜೀವದ ಪ್ರಶ್ನೆ ಅದು.

ಅದಕ್ಕೇ ಕಂಪ್ಯೂಟರ್ ಬೇಕಾಯಿತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಈ ಮುದುಕನಿಗೆ ಗಾಳಿಯ ಗಣಿತವೇ ಎಂದು ನಗಬೇಡಿ. ಕಂಪ್ಯೂಟರ್ ಇಲ್ಲಿ ಮಾಡುವುದು ನಾನು ಮಾಡುತ್ತಿದ್ದ ಕೆಲಸವನ್ನೇ. ಕುಳಿಯ ಒಳಗೂ ಹೊರಗೂ ಇರುವ ಗಾಳಿಯನ್ನು ಲಕ್ಷಾಂತರ ಪುಟ್ಟ ಪೆಟ್ಟಿಗೆಗಳಾಗಿ ಭಾಗ ಮಾಡುತ್ತಾರೆ. ಪ್ರತಿ ಪೆಟ್ಟಿಗೆಗೂ ಖಾತೆಗಳಿವೆ: ದ್ರವ್ಯರಾಶಿ, ಸಂವೇಗ, ಶಕ್ತಿ. ಬಂದದ್ದು ಜಮಾ, ಹೋದದ್ದು ಖರ್ಚು, ಉಳಿದದ್ದು ಬಾಕಿ. ಈ ಪೆಟ್ಟಿಗೆಯಿಂದ ಹೊರಟದ್ದು ಪಕ್ಕದ ಪೆಟ್ಟಿಗೆಗೆ ಜಮಾ ಆಗಲೇಬೇಕು. ನಡುವೆ ಒಂದು ಪೈಸೆಯೂ ಮಾಯವಾಗುವಂತಿಲ್ಲ. ನಾವು ಸಂಜೆಗೊಮ್ಮೆ ಲೆಕ್ಕ ತಾಳೆ ನೋಡುತ್ತಿದ್ದೆವು. ಅದು ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ನೋಡಬೇಕು. ಏಕೆಂದರೆ ಸದ್ದು ಒಂದು ಪೆಟ್ಟಿಗೆಯನ್ನು ದಾಟಿಹೋಗುವ ಮೊದಲೇ ಮುಂದಿನ ಲೆಕ್ಕ ಬರೆದಿರಬೇಕು.

ಪೆಟ್ಟಿಗೆಯ ಅಂಚನ್ನು ಅರ್ಧ ಮಾಡಿದರೆ? ಉದ್ದ, ಅಗಲ, ಎತ್ತರ ಮೂರೂ ಅರ್ಧವಾಗಿ ಪೆಟ್ಟಿಗೆಗಳು ಎಂಟು ಪಟ್ಟು. ಲೆಕ್ಕ ಬರೆಯುವ ಸರದಿಯೂ ಎರಡು ಪಟ್ಟು. ಒಟ್ಟು ಕೆಲಸ ಹದಿನಾರು ಪಟ್ಟು! ಆದ್ದರಿಂದ ಪೆಟ್ಟಿಗೆಗಿಂತ ಚಿಕ್ಕ ಸುಳಿಗಳನ್ನು ಬಿಡಿಬಿಡಿಯಾಗಿ ಬರೆಯಲಾಗುವುದಿಲ್ಲ. ಅವುಗಳಿಗೆ ಒಂದು ಅಂದಾಜು ಹಾಕುತ್ತಾರೆ. ಬ್ಯಾಂಕಿನವರು ಇದನ್ನು ಕೇಳಿದರೆ ಸಸ್ಪೆನ್ಸ್ ಖಾತೆ ಎಂದಾರು. ಆ ಖಾತೆ ಇರುವಲ್ಲಿ ಆಡಿಟ್ ಬೇಕೇ ಬೇಕು. ಗಾಳಿಯ ಲೆಕ್ಕಕ್ಕೆ ಆಡಿಟರ್ ಎಂದರೆ ಗಾಳಿ ಸುರಂಗ. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರದಲ್ಲಿ ಸೋಫಿಯಾಕ್ಕಾಗಿ ಎರಡನ್ನೂ ಮಾಡಿದರು: ಕಂಪ್ಯೂಟರಿನಲ್ಲಿ ಲೆಕ್ಕ, ಸುರಂಗದಲ್ಲಿ ಪುಟ್ಟ ಮಾದರಿ ವಿಮಾನದ ಪರೀಕ್ಷೆ.

ಕೊನೆಗೆ ಸಿಕ್ಕ ಉಪಾಯ ಸರಳ. ಕುಳಿಯ ಹಿಂದಿನ ಅಂಚನ್ನು ಗೋಡೆಯಂತೆ ನೆಟ್ಟಗೆ ಬಿಡದೆ ಇಳಿಜಾರು ಮಾಡಿದರು. ಸುಳಿಗಳು ಢಿಕ್ಕಿ ಹೊಡೆಯದೆ ಜಾರಿ ಹೊರಗೆ ಹೋಗಬೇಕು. 2009ರ ಡಿಸೆಂಬರ್‌ನಲ್ಲಿ ಹಾರಾಟದ ನಡುವೆ ಮೊದಲ ಬಾರಿಗೆ ಬಾಗಿಲನ್ನು ಪೂರ್ತಿ ತೆರೆದರು. ವಿಮಾನ ಜಗ್ಗಲಿಲ್ಲ. ವಿಜ್ಞಾನಿಗಳು ಗಟ್ಟಿ ಗೋಡೆಯ ಈಚೆ, ಎಂದಿನ ಗಾಳಿಯ ಒತ್ತಡದಲ್ಲಿ ಕುಳಿತು 2022ರವರೆಗೆ ರಾತ್ರಿಗಟ್ಟಲೆ ಆಕಾಶ ನೋಡಿದರು. ಚಂದ್ರನ ಬಿಸಿಲು ಬೀಳುವ ಭಾಗದಲ್ಲೂ ನೀರಿನ ಅಣುಗಳಿವೆ ಎಂದು 2020ರಲ್ಲಿ ಪ್ರಕಟವಾದದ್ದು ಈ ತೆರೆದ ಬಾಗಿಲಿನಿಂದ ಕಂಡ ವಿಷಯವೇ.

ಅಂದಹಾಗೆ, ಲೆಕ್ಕ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಎರಡು ಕಡೆಯೂ ಒಂದೇ ತಪ್ಪು ಬರೆದರೂ ತಾಳೆಯಾಗುತ್ತದೆ! ಅದಕ್ಕೇ ಹೊರಗಿನವರ ಕಣ್ಣು ಬೇಕು, ಬ್ಯಾಂಕಿಗಾದರೂ, ವಿಮಾನಕ್ಕಾದರೂ.

ಈ ವಾರದ ಕೆಲಸ: ಒಂದೇ ಬಗೆಯ ಮೂರು ಬಾಟಲಿಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ ಊದಿ. ಯಾವುದರ ಸ್ವರ ಹೆಚ್ಚು ಕೀರಲು? ಮತ್ತೆ ಪೆಟ್ಟಿಗೆಯ ಅಂಚನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಕೆಲಸ ಎಷ್ಟು ಪಟ್ಟು ಹೆಚ್ಚುತ್ತದೆ? ಲೆಕ್ಕ ಮಾಡಿ ಮನೆಯ ಅಜ್ಜ-ಅಜ್ಜಿಗೆ ತೋರಿಸಿ. ಆಡಿಟ್ ಅವರದು.