ಸಂಶೋಧನೆಯಲ್ಲಿ ರೋಗಿಯ ಪಾಲು

ಬಸವನಗುಡಿ ಬಳಿಯ ಶಂಕರಪುರದ ರಂಗದೊರೆ ಸ್ಮಾರಕ ಆಸ್ಪತ್ರೆ ಮತ್ತು ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಗಳ ಸ್ತನ ಕ್ಯಾನ್ಸರ್ ರೋಗಿಗಳು 2008ರಿಂದ 2013ರವರೆಗೆ ಒಂದೇ ಅಧ್ಯಯನಕ್ಕೆ ಸೇರಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರು ಪ್ರಯೋಗಾಲಯಕ್ಕೆ ಹೋಯಿತು. ರೋಗ ಮರುಕಳಿಸಿತೇ ಎಂದು ವರ್ಷಗಟ್ಟಲೆ ಅವರನ್ನು ವಿಚಾರಿಸಬೇಕಾಯಿತು. ಆ ಉತ್ತರವಿಲ್ಲದೆ ಚೂರು ಹೆಚ್ಚೇನೂ ಹೇಳದು. ಅರ್ಧ ಸಂಶೋಧನೆ ರೋಗಿಯದೇ ಎನ್ನಬೇಕು. ಏನನ್ನು ಹುಡುಕಬೇಕೆಂದು ಆಕೆಯನ್ನೂ ಕೇಳಬೇಡವೇ?

ಅಮೆರಿಕದ ಮಹಿಳೆಯರು 1991ರಲ್ಲಿ ಒಕ್ಕೂಟ ಕಟ್ಟಿ ಹಠ ಹಿಡಿದರು. ಅಲ್ಲಿ 1992ರಿಂದ ಸ್ತನ ಕ್ಯಾನ್ಸರ್ ಸಂಶೋಧನೆಗೆ ರಕ್ಷಣಾ ಇಲಾಖೆಯೂ (ವಿಚಿತ್ರ, ಆದರೂ ನಿಜ) ಹಣ ಕೊಡುತ್ತಿದೆ. ಯಾರಿಗೆ ಕೊಡಬೇಕೆಂದು ಅರ್ಜಿಗಳನ್ನು ತೂಗುವಾಗ, ರೋಗವನ್ನು ಅನುಭವಿಸಿದವರು ವಿಜ್ಞಾನಿಗಳ ಪಕ್ಕದಲ್ಲೇ ಕುಳಿತು ಅಂಕ ಹಾಕುತ್ತಾರೆ. ನಮ್ಮಲ್ಲಿ ವೈದ್ಯಕೀಯ ಸಂಶೋಧನೆಗೆ ಒಪ್ಪಿಗೆ ನೀಡುವ ನೀತಿ ಸಮಿತಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕರು ಇರಲೇಬೇಕು. ಅವರು ಆ ರೋಗ ಕಂಡವರಾಗಿರಬೇಕೆಂದಿಲ್ಲ.