ಏರ್‌ಗನ್ನಿನ ಸ್ಪ್ರಿಂಗ್ ಸಡಿಲಿಸಿದರೆ ಕಾನೂನೂ ಸಡಿಲವೇ?

ಕಾಸರಗೋಡು: ಬೆಳಿಗ್ಗೆ ತೋಟಕ್ಕೆ ಇಳಿದರೆ ತೆಂಗಿನ ಬುಡದಲ್ಲಿ ತೂತು ಬಿದ್ದ ಬೊಂಡಗಳ ರಾಶಿ. ಪಟಾಕಿ ಸಿಡಿಸಿದರೆ ಮಂಗಗಳು ಪಕ್ಕದ ತೋಟಕ್ಕೆ ಹಾರುತ್ತವೆ, ಸ್ವಲ್ಪ ಹೊತ್ತಿನಲ್ಲಿ ವಾಪಸು. ಮುಳ್ಳೇರಿಯ, ಬದಿಯಡ್ಕ, ಪೆರ್ಲ ಕಡೆಯ ಕೃಷಿಕರಿಗೆ ಇದು ಹೊಸ ಕತೆಯಲ್ಲ. ಇಂಥ ಹೊತ್ತಿನಲ್ಲಿ ಏರ್‌ಗನ್ ಒಂದು ತಂದಿಡುವ ಎಂದು ತೋರುವುದು ಸಹಜ. ಅದರ ಬೆನ್ನಿಗೇ ಬರುವ ಪ್ರಶ್ನೆ: "ಲೈಸನ್ಸ್ ಬೇಕಾ? ಪವರ್ ಜಾಸ್ತಿ ಇದ್ದರೆ ಒಳಗಿನ ಸ್ಪ್ರಿಂಗ್ ಸ್ವಲ್ಪ ತುಂಡು ಮಾಡಿಸಿದರೆ ಸಾಕಲ್ಲಾ?"

ಸಾಕಾಗುವುದಿಲ್ಲ. ಸ್ಪ್ರಿಂಗ್ ಸಡಿಲಿಸಿದರೆ ಬಂದೂಕಿನ ಶಕ್ತಿ ಇಳಿಯುತ್ತದೆ ಎಂಬುದು ನಿಜ. ಆದರೆ ಅದರಿಂದ ಬಂದೂಕು ಆಟಿಕೆಯಾಗುವುದಿಲ್ಲ, ಹಿಡಿದವನು ಕಾನೂನಿನಿಂದ ಪಾರಾಗುವುದೂ ಇಲ್ಲ.

20 ಜೂಲಿನ ಲೆಕ್ಕ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್‌ಗೆ ಲೈಸನ್ಸಿನಿಂದ ವಿನಾಯಿತಿ ಸಿಗಬೇಕಾದರೆ ಎರಡು ಷರತ್ತು ಇವೆ. ನಳಿಗೆಯ ಬಾಯಿಯಲ್ಲಿ ಪೆಲ್ಲೆಟ್‌ನ ಶಕ್ತಿ 20 ಜೂಲ್ ಮೀರಬಾರದು. ನಳಿಗೆಯ ಒಳ ಅಳತೆ 4.5 ಮಿ.ಮೀ. (0.177 ಇಂಚು) ಮೀರಬಾರದು. ಎರಡರಲ್ಲಿ ಒಂದು ತಪ್ಪಿದರೂ ಲೈಸನ್ಸ್ ಬೇಕು. ಹಾಗಾಗಿ ಕೈಯಲ್ಲಿರುವುದು 5.5 ಮಿ.ಮೀ. ಬಂದೂಕಾದರೆ ಸ್ಪ್ರಿಂಗನ್ನು ಎಷ್ಟು ಸಡಿಲಿಸಿದರೂ ಪ್ರಯೋಜನವಿಲ್ಲ. ಸ್ಪ್ರಿಂಗ್ ಬದಲಾದರೆ ನಳಿಗೆಯ ತೂತು ಸಣ್ಣದಾಗುತ್ತದೆಯೇ? ಮಂಗಳೂರಿನಲ್ಲಿ ಕೊಂಡು ತಲಪಾಡಿ ದಾಟಿಸಿದರೂ ಕತೆ ಅದೇ. ಇದು ಕೇಂದ್ರದ ಕಾನೂನು, ಗಡಿಯ ಆಚೆಗೂ ಈಚೆಗೂ ಒಂದೇ.

4.5 ಮಿ.ಮೀ. ಆಗಿದ್ದರೂ 20 ಜೂಲ್ ಎಂಬುದು ಕಣ್ಣಂದಾಜಿಗೆ ಸಿಗುವ ಸಂಗತಿಯಲ್ಲ. ಪೆಲ್ಲೆಟ್‌ನ ತೂಕ, ವೇಗ ಎರಡೂ ಗೊತ್ತಿರಬೇಕು. ಸುಮಾರು ಅರ್ಧ ಗ್ರಾಮಿನ (0.52 ಗ್ರಾಂ) ಪೆಲ್ಲೆಟ್ ಸೆಕೆಂಡಿಗೆ 277 ಮೀಟರ್ ವೇಗದಲ್ಲಿ ಹೊರಟರೆ ಹತ್ತಿರಹತ್ತಿರ 20 ಜೂಲ್. ಅದೇ ಪೆಲ್ಲೆಟ್ 200 ಮೀಟರ್ ವೇಗದಲ್ಲಿ ಹೋದರೆ ಸುಮಾರು 10 ಜೂಲ್. ವೇಗ ಅಳೆಯಲು ಕ್ರೋನೋಗ್ರಾಫ್ ಎಂಬ ಉಪಕರಣ ಬೇಕು. ಅದಿಲ್ಲದೆ "ಈಗ ಪವರ್ ಕಮ್ಮಿಯಾಯಿತು" ಎನ್ನುವುದು ಥರ್ಮಾಮೀಟರ್ ಇಲ್ಲದೆ ಜ್ವರದ ಡಿಗ್ರಿ ಹೇಳಿದ ಹಾಗೆ.

ಸ್ಪ್ರಿಂಗಿನ ಒಳಗುಟ್ಟು

ಸ್ಪ್ರಿಂಗ್ ಏರ್‌ಗನ್‌ನಲ್ಲಿ ಪೆಲ್ಲೆಟನ್ನು ನೇರವಾಗಿ ದೂಡುವುದು ಸ್ಪ್ರಿಂಗ್ ಅಲ್ಲ, ಗಾಳಿ. ನಳಿಗೆ ಬಗ್ಗಿಸಿದಾಗ ಸ್ಪ್ರಿಂಗ್ ಕುಗ್ಗಿ ಪಿಸ್ಟನ್ ಹಿಂದೆ ಸರಿದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲ್ಲೆಟನ್ನು ದೂಡುತ್ತದೆ. ಬಂದೂಕು ಸುಮ್ಮನಿದ್ದಾಗಲೂ ಸ್ಪ್ರಿಂಗ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಶಕ್ತಿ ಇಳಿಸುವವರು ಈ ಮೊದಲ ಒತ್ತಡವನ್ನು ಕಡಿಮೆ ಮಾಡುತ್ತಾರೆ: ಒಳಗಿನ ವಾಷರ್ ತೆಗೆಯುತ್ತಾರೆ, ಗಿಡ್ಡ ಅಥವಾ ಮೆದು ಸ್ಪ್ರಿಂಗ್ ಹಾಕುತ್ತಾರೆ. ಬ್ರಿಟನ್ನಿನಲ್ಲಿ ಏರ್‌ರೈಫಲ್ ಮಿತಿ ಸುಮಾರು 16 ಜೂಲ್, ಜರ್ಮನಿಯಲ್ಲಿ 7.5 ಜೂಲ್. ಹಾಗಾಗಿ ಒಂದೇ ಮಾದರಿಯ ಬಂದೂಕು ಬೇರೆ ಬೇರೆ ಸ್ಪ್ರಿಂಗ್ ಹಾಕಿಕೊಂಡು ಈ ಮಾರುಕಟ್ಟೆಗಳಿಗೆ ಹೋಗುತ್ತದೆ. ಆದರೆ ಅದನ್ನು ಮಾಡುವುದು ಕಾರ್ಖಾನೆಯವರು, ಅಳತೆ ಮಾಡಿ.

ನಮ್ಮಲ್ಲಿ ಸುಲಭದ ದಾರಿ ಎಂದರೆ ಗ್ರೈಂಡರ್ ಹಿಡಿದು ಎರಡು ಸುತ್ತು ಕತ್ತರಿಸುವುದು. ಸ್ಪ್ರಿಂಗ್ ಗಿಡ್ಡವಾದಷ್ಟೂ ಉಳಿದ ಸುತ್ತುಗಳು ಬಿಗಿಯಾಗುತ್ತವೆ. ಹಾಗಾಗಿ ಒಂದು ಸುತ್ತಿಗೆ ಇಷ್ಟು ಜೂಲ್ ಕಡಿಮೆ ಎಂಬ ನೇರ ಲೆಕ್ಕ ನಡೆಯುವುದಿಲ್ಲ. ಕತ್ತರಿಸಿದ ತುದಿ ಸಮತಟ್ಟಾಗಿ ಕೂರದಿದ್ದರೆ ಸ್ಪ್ರಿಂಗ್ ಓರೆಯಾಗಿ ಒತ್ತಿ ಪಿಸ್ಟನ್ ಸಿಲಿಂಡರಿಗೆ ಉಜ್ಜುತ್ತದೆ. ಬಿಚ್ಚುವಾಗ ಒಳಗಿನ ಒತ್ತಡಕ್ಕೆ ಹಿಂದಿನ ಮುಚ್ಚಳವೇ ಮುಖಕ್ಕೆ ಸಿಡಿಯಬಹುದು. ಕೊಕ್ಕೆ ಸರಿಯಾಗಿ ಕೂರದಿದ್ದರೆ ಪೆಲ್ಲೆಟ್ ತುಂಬುವಾಗ ನಳಿಗೆ ಪಟ್ಟನೆ ಮೇಲೆ ಬಡಿದು ಬೆರಳು ಜಜ್ಜುತ್ತದೆ. ಜೋಡಿಸುವಾಗ ಎಣ್ಣೆ ಹೆಚ್ಚಾದರೆ ಒತ್ತಿದ ಗಾಳಿಯ ಬಿಸಿಗೆ ಅದು ಉರಿದು, ಸ್ವಲ್ಪ ಕಾಲ ಶಕ್ತಿ ಇನ್ನಷ್ಟು ಏರುತ್ತದೆ! ಕಡಿಮೆ ಮಾಡಲು ಹೋದದ್ದು ಹೆಚ್ಚಾದೀತು.

ಕಡಿಮೆ ಶಕ್ತಿ, ಹೆಚ್ಚು ಹಿಂಸೆ

ಸರಿ, ಎಲ್ಲ ನೆಟ್ಟಗೆ ಮಾಡಿ 10 ಜೂಲಿಗೆ ಇಳಿಸಿದರು ಎಂದಿಟ್ಟುಕೊಳ್ಳಿ. 4.5 ಮಿ.ಮೀ. ಪೆಲ್ಲೆಟ್ ಚರ್ಮ ಸೀಳಿ ಒಳಹೋಗಲು ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ಸಾಕು, ಅಂದರೆ ಮೂರು ಜೂಲಿಗೂ ಕಡಿಮೆ. ಕಣ್ಣಿಗೆ ಅಷ್ಟೂ ಬೇಡ. ಮಕ್ಕಳಿರುವ ಮನೆಯಲ್ಲಿ "ಲೈಸನ್ಸ್ ಬೇಡದ್ದು ತಾನೇ" ಎಂದು ಬಾಗಿಲ ಮೂಲೆಯಲ್ಲಿ ಒರಗಿಸಿಡುವವರು ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ಪ್ರಾಣಿಗೂ ಇದು ದಯೆಯಲ್ಲ. ಶಕ್ತಿ ಕಡಿಮೆಯಾದರೆ ಮಂಗ ಸಾಯುವುದಿಲ್ಲ, ಆದರೆ ಪೆಲ್ಲೆಟ್ ಮೈಯೊಳಗೆ ಉಳಿದು ಗಾಯ ಕೊಳೆಯುತ್ತದೆ. "ಹೆದರಿಸಲು ಮಾತ್ರ ಹೊಡೆದದ್ದು" ಎಂಬ ಮಾತು ಅರಣ್ಯ ಇಲಾಖೆಯ ಮುಂದೆ ನಿಲ್ಲುವುದು ಕಷ್ಟ. ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಗಾಯಗೊಳಿಸುವುದೂ ಸೇರುತ್ತದೆ. 2022ರ ತಿದ್ದುಪಡಿಯಲ್ಲಿ ನಮ್ಮ ಕಡೆಯ ಮಂಗ ಒಂದನೇ ಪಟ್ಟಿಗೆ ಏರಿತು. ಆ ಪಟ್ಟಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ ಜೈಲು. ಮಂಗವನ್ನು ಎರಡನೇ ಪಟ್ಟಿಗೆ ಇಳಿಸುವ ಮಸೂದೆಯನ್ನು ಕೇರಳ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ಅಂಗೀಕರಿಸಿದ್ದುಂಟು. ಅದರರ್ಥ ಮನೆಮನೆಯವರು ಬಂದೂಕು ಹಿಡಿಯಬಹುದು ಎಂದಲ್ಲ. ನವಿಲು, ಕೆಂಜಳಿಲಿಗೂ ಒಂದನೇ ಪಟ್ಟಿಯ ರಕ್ಷಣೆ ಇದೆ.

ಬೇಕಲದ ಪಾಠ

2022ರ ಸೆಪ್ಟೆಂಬರಿನಲ್ಲಿ ಬೇಕಲದಲ್ಲಿ ತಂದೆಯೊಬ್ಬರು ಬೀದಿನಾಯಿಗಳ ಹೆದರಿಕೆಯಿಂದ ಏರ್‌ಗನ್ ಹಿಡಿದು ಮದ್ರಸಕ್ಕೆ ಹೋಗುವ ಮಕ್ಕಳ ಮುಂದೆ ನಡೆದದ್ದು ಹಲವರಿಗೆ ನೆನಪಿರಬಹುದು. ವೀಡಿಯೊ ಹರಡಿತು, ಪೊಲೀಸರು ಸ್ವಯಂಪ್ರೇರಿತರಾಗಿ ಕೇಸು ದಾಖಲಿಸಿದರು. ಅಲ್ಲಿ ಹಾಕಿದ್ದು ಗಲಭೆಗೆ ಪ್ರಚೋದನೆ ನೀಡುವುದಕ್ಕೆ ಸಂಬಂಧಿಸಿದ ಸೆಕ್ಷನ್. ಅಂದರೆ ಲೈಸನ್ಸ್ ವಿನಾಯಿತಿ ಬೇರೆ, ಅದನ್ನು ಎಲ್ಲಿ, ಹೇಗೆ ಹಿಡಿದಿರಿ ಎಂಬುದು ಬೇರೆ. ಆ ತಂದೆಯ ಆತಂಕ ಸುಳ್ಳಲ್ಲ, ತೋಟದವರ ಸಂಕಟವೂ ಸುಳ್ಳಲ್ಲ. ಆದರೆ ಪಂಚಾಯತು, ಅರಣ್ಯ ಇಲಾಖೆ ಮಾಡಬೇಕಾದ ಕೆಲಸ ಆಗದೆ ಉಳಿದಾಗ ಜನ ಬಂದೂಕಿಗೆ ಕೈ ಹಾಕುತ್ತಾರೆ. ಕೊನೆಗೆ ಕೇಸು ಬೀಳುವುದು ಜನರ ಮೇಲೆಯೇ.

ಈಗಾಗಲೇ ಮನೆಯಲ್ಲಿ ಏರ್‌ಗನ್ ಇರುವವರು ನಳಿಗೆಯ ಅಳತೆ ಮತ್ತು ಶಕ್ತಿ ನಮೂದಾದ ಕಾಗದ, ಖರೀದಿ ಬಿಲ್ಲು ಜೋಪಾನವಾಗಿಡಿ. ಅನುಮಾನವಿದ್ದರೆ ಮಾರಿದವರಲ್ಲೇ ಅಳತೆ ಮಾಡಿಸಿಕೊಳ್ಳಿ, ಮನೆಯಲ್ಲಿ ಬಿಚ್ಚಬೇಡಿ. ಗುರಿ ಅಭ್ಯಾಸ ಬೇಕೆಂದಿದ್ದರೆ ಹಿಂದೆ ಮಣ್ಣಿನ ದಿಬ್ಬವಿರುವ ಜಾಗದಲ್ಲಿ ಕಾಗದದ ಗುರಿ ಸಾಕು. ಬೊಂಡ ಹೋದ ನಷ್ಟಕ್ಕೆ ಅರಣ್ಯ ಇಲಾಖೆಗೆ ಲಿಖಿತ ಅರ್ಜಿ ಕೊಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಇನ್ನೂ ಒಳ್ಳೆಯದು. ತೋಟದ ಸಂಕಟಕ್ಕೆ ಪರಿಹಾರ ಸಿಗುವುದಿದ್ದರೆ ಆ ದಾರಿಯಲ್ಲೇ, ಸ್ಪ್ರಿಂಗಿನ ಸುತ್ತುಗಳಲ್ಲಿ ಅಲ್ಲ.